ಹೊರಗಿನ ಫಂಡಿಂಗ್ ಇಲ್ದೆ ಸಾಫ್ಟ್‌ವೇರ್ ಬಿಸಿನೆಸ್ ಕಟ್ಟೋದು ಹೇಗೆ: ದಲಾಲಿ ಅಂಗಡಿಗಳಿಗೆ ಸಾಫ್ಟ್‌ವೇರ್ ಮಾರಿ ಕಲಿತಿದ್ದು, ಹಂತ ಹಂತವಾಗಿ

ಕೆಲಸ ಬಿಟ್ಟು ಸ್ವಂತ ಸಾಫ್ಟ್‌ವೇರ್ ಮಾಡ್ತೀನಿ ಅನ್ನೋ ಹುಡುಗ್ರು ನಂಗೆ ಫೋನ್ ಮಾಡಿದಾಗ ಮೊದಲು ಕೇಳೋದು ಯಾವ ಫ್ರೇಮ್‌ವರ್ಕ್ ತಗೊಳ್ಳಲಿ, ಕಂಪನಿ ಯಾವಾಗ ರಿಜಿಸ್ಟರ್ ಮಾಡ್ಸಲಿ ಅಂತ. ನಾನು ವಾಪಸ್ ಕೇಳೋದು ಒಂದೇ, ದುಡ್ಡು ಕೊಡೋರು ಯಾರು, ಅವ್ರ ಹೆಸರು ಹೇಳಿ ಅಂತ. ಫಂಡಿಂಗ್ ಇಲ್ದೆ ಕಟ್ಟೋ ಬಿಸಿನೆಸ್‌ಗೆ ನಿಜವಾದ ಬಂಡವಾಳ ಗಿರಾಕಿ ಕೊಡೋ ಮುಂಗಡ, ನಿಮ್ಮ ಉಳಿತಾಯ ಏನಿದ್ರೂ ಆ ದುಡ್ಡು ಬರೋಕೆ ಶುರುವಾಗೋವರೆಗೆ ಮನೆಗೆ ಅಕ್ಕಿ ಬೇಳೆ ತರೋಕೆ. ಇದು ತಲೇಲಿ ಕೂತ್ಕೊಂಡ್ರೆ ಮುಂದಿನ ಬಹಳಷ್ಟು ನಿರ್ಧಾರ ತಾನಾಗೇ ಸರಿ ಹೋಗ್ತವೆ, ಅದಕ್ಕೇ ಇಷ್ಟು ಉದ್ದ ಬರೀತಿದೀನಿ.

ನಾನು ಮಾಡೋದು ಎಪಿಎಂಸಿ ಯಾರ್ಡ್‌ನ ದಲಾಲಿ ಅಂಗಡಿಗಳಿಗೆ ಪಟ್ಟಿ (ಮಾಲು ತಂದ ರೈತನಿಗೆ ತೂಕ, ದರ, ಕೈಗೆ ಬರೋ ದುಡ್ಡು ಬರೆದು ಕೊಡೋ ಚೀಟಿ) ಮತ್ತೆ ಲೆಕ್ಕದ ಸಾಫ್ಟ್‌ವೇರ್. ಬೆಂಗಳೂರಲ್ಲಿ ಎಂಟು ವರ್ಷ ನೌಕರಿ ಮಾಡಿ ದಾವಣಗೆರೆಗೆ ವಾಪಸ್ ಬಂದು ಶುರು ಮಾಡಿದ್ದು. ನಿಮ್ಮ ಗಿರಾಕಿ ಡೆಂಟಿಸ್ಟ್ ಇರಬಹುದು, ಅಕ್ಕಿ ಗಿರಣಿ ಇರಬಹುದು, ಅಮೆರಿಕದ ಪುಟ್ಟ ಕಂಪನಿ ಇರಬಹುದು, ಉದಾಹರಣೆ ಬದಲಾಗತ್ತೆ ಅಷ್ಟೆ, ಲೆಕ್ಕ ಹೆಚ್ಚು ಕಮ್ಮಿ ಇದೇ.

ಹಂತ 1: ರಾಜೀನಾಮೆ ಕೊಡೋಕೆ ಮುಂಚೆ ಮೂರು ಕಾಗದ ನೋಡಿ

ಮೊದಲ್ನೇದು ನಿಮ್ಮ ಅಪಾಯಿಂಟ್‌ಮೆಂಟ್ ಲೆಟರ್. ಕೆಲಸದಲ್ಲಿ ಇರೋವಾಗ ನೀವು ಬರೆದ ಕೋಡ್ ಯಾರದ್ದು, ಬೇರೆ ವ್ಯಾಪಾರ ಮಾಡಬಹುದಾ ಇಲ್ವಾ ಅಂತ ಅದ್ರಲ್ಲಿ ಬರೆದಿರತ್ತೆ, ಸಹಿ ಹಾಕೋವಾಗ ಯಾರೂ ಓದಿರಲ್ಲ. ರಾತ್ರಿ ಹೊತ್ತು ಕಂಪನಿ ಲ್ಯಾಪ್‌ಟಾಪ್‌ನಲ್ಲಿ ನಿಮ್ಮ ಪ್ರಾಡಕ್ಟ್ ಕೋಡ್ ಮಾಡ್ಬೇಡಿ, ಒಂದು ಸಾಲೂ ಬೇಡ. ಸ್ವಂತ ಮಷಿನ್, ಸ್ವಂತ ಅಕೌಂಟ್, ಸ್ವಂತ ಟೈಮು.

ಎರಡನೇದು ಮನೆ ಖರ್ಚಿನ ಲೆಕ್ಕ. ಬಾಡಿಗೆ, ಇಎಂಐ, ಸ್ಕೂಲ್ ಫೀಸು, ಅಪ್ಪ ಅಮ್ಮನ ಮಾತ್ರೆ, ಎಲ್ಲಾ ಸೇರಿ ತಿಂಗಳಿಗೆ 40,000 ಆಗತ್ತೆ ಅಂದ್ರೆ 18 ತಿಂಗಳಿಗೆ 7,20,000 ಬೇಕು. ನಾನು 18 ತಿಂಗಳು ಅಂತ ಹೇಳೋದಕ್ಕೆ ಕಾರಣ ಇದೆ, ಮಂಡಿ ಥರ ಸೀಸನ್ ಇರೋ ಧಂದೆಗೆ ಮಾರೋಕೆ ಹೋದ್ರೆ ಮೊದಲ ಸೀಸನ್ ಪೂರ್ತಿ ಕಲಿಯೋದ್ರಲ್ಲೇ ಹೋಗತ್ತೆ, ಎರಡನೇ ಸೀಸನ್ ನೋಡೋವರೆಗಾದ್ರೂ ಮನೇಲಿ ಒಲೆ ಉರೀಬೇಕಲ್ಲ. ಈ ಲೆಕ್ಕ ಹೆಂಡತಿ ಅಥವಾ ಗಂಡನ ಜೊತೆ ಕೂತು ಬರೀರಿ. ಯಾವ ತಿಂಗಳಿಗೆ ದುಡ್ಡು ಎಷ್ಟಕ್ಕೆ ಇಳಿದ್ರೆ ಮತ್ತೆ ಕೆಲಸ ಹುಡುಕ್ತೀನಿ ಅನ್ನೋದನ್ನೂ ಅವತ್ತೇ ಇಬ್ರೂ ಒಪ್ಕೊಂಡ್ಬಿಡಿ.

ಮೂರನೇದು ಹೆಲ್ತ್ ಇನ್ಶೂರೆನ್ಸ್. ಆಫೀಸ್‌ನ ಗ್ರೂಪ್ ಪಾಲಿಸಿ ಕೆಲಸ ಬಿಟ್ಟ ಮೇಲೆ ಇರಲ್ಲ, ಹೊಸ ಪಾಲಿಸೀಲಿ ಮುಂಚಿಂದ ಇರೋ ಕಾಯಿಲೆಗೆ ಕಾಯೋ ಅವಧಿ ಇರತ್ತೆ. ಹಾಗಾಗಿ ಬಿಡೋದಕ್ಕೆ ಸಾಕಷ್ಟು ಮುಂಚೆನೇ ಸ್ವಂತ ಪಾಲಿಸಿ ತಗೊಳ್ಳಿ. ಸ್ವಂತ ದುಡ್ಡಲ್ಲಿ ನಡೆಸೋ ಬಿಸಿನೆಸ್‌ನ ಒಂದು ಆಸ್ಪತ್ರೆ ಬಿಲ್ ಮುಗಿಸ್ಬಿಡತ್ತೆ, ನಂಗೆ ಗೊತ್ತಿರೋ ಇಬ್ಬರಿಗೆ ಹಾಗೇ ಆಗಿದೆ.

ಹಂತ 2: ಐಡಿಯಾ ಹುಡುಕ್ಬೇಡಿ, ಒಂದು ಅಂಗಡೀಲಿ ಹೋಗಿ ಕೂತ್ಕೊಳ್ಳಿ

ವ್ಯಾಪಾರದ ಲೆಕ್ಕ ಇಡೋ ಸಾಫ್ಟ್‌ವೇರ್ ಟ್ಯಾಲಿ ಹುಟ್ಟಿದ ಕಥೆ ನಮ್ಮ ಬೆಂಗಳೂರಿಂದೇ. ಶ್ಯಾಮ್ ಸುಂದರ್ ಗೋಯೆಂಕಾ ಅವ್ರು ಕಾರ್ಖಾನೆಗಳಿಗೆ ಕಚ್ಚಾ ಸಾಮಾನು, ಮಷಿನ್ ಬಿಡಿಭಾಗ ಸಪ್ಲೈ ಮಾಡೋ ವ್ಯಾಪಾರದಲ್ಲಿದ್ರು, ತಮ್ಮ ಲೆಕ್ಕ ನೋಡ್ಕೊಳ್ಳೋಕೆ ಸರಿಯಾದ ಸಾಫ್ಟ್‌ವೇರ್ ಸಿಗ್ಲಿಲ್ಲ, ಮಗ ಭರತ್ ಗೋಯೆಂಕಾ ಅವ್ರಿಗೆ ನೀನೇ ಬರಿ ಅಂದ್ರು. 1986ರಲ್ಲಿ ಪ್ಯೂಟ್ರಾನಿಕ್ಸ್ ಅನ್ನೋ ಹೆಸರಲ್ಲಿ ಶುರುವಾದ ಕಂಪನಿ 1999ರಲ್ಲಿ ಟ್ಯಾಲಿ ಸಲ್ಯೂಷನ್ಸ್ ಆಯ್ತು. ಇದ್ರಲ್ಲಿ ನಾನು ಗಮನಿಸೋದು ಏನಂದ್ರೆ ಪ್ರೋಗ್ರಾಮ್ ಬರೆಯೋನು ಮತ್ತೆ ಅದನ್ನ ಬಳಸೋನು ಒಂದೇ ಮನೇಲಿದ್ರು, ಬೆಳಿಗ್ಗೆ ಬರೆದಿದ್ದು ಸರಿ ಇದ್ಯೋ ಇಲ್ವೋ ಅಂತ ಸಂಜೆ ಹೊತ್ತಿಗೆ ಗೊತ್ತಾಗ್ತಿತ್ತು. ನಮಗೆಲ್ಲ ಅಂಥ ಅಪ್ಪ ಇರಲ್ಲ, ಹಾಗಾಗಿ ಯಾರದ್ದಾದ್ರೂ ಅಂಗಡೀಲಿ ಜಾಗ ಸಂಪಾದಿಸ್ಕೋಬೇಕು.

ನಾನು ಸೋದರಮಾವನ ಪರಿಚಯದ ಒಂದು ಮೆಕ್ಕೆಜೋಳದ ದಲಾಲಿ ಅಂಗಡೀಲಿ ಸೀಸನ್ ಟೈಮಲ್ಲಿ ಮೂರು ವಾರ ಕೂತಿದ್ದೆ, ಲ್ಯಾಪ್‌ಟಾಪ್ ತಗೊಂಡೇ ಹೋಗಿರ್ಲಿಲ್ಲ, ನೋಟ್‌ಬುಕ್ ಮಾತ್ರ. ಮನೇಲಿ ಕೂತಾಗ ನಾನು ಅಂದ್ಕೊಂಡಿದ್ದು ರೈತ್ರಿಗೆ ದರ ತೋರ್ಸೋ ಮೊಬೈಲ್ ಆ್ಯಪ್ ಮಾಡೋದು ಅಂತ. ಅಲ್ಲಿ ಕಂಡಿದ್ದೇ ಬೇರೆ. ಸಂಜೆ ಆರಕ್ಕೆ ತೂಕ ಮುಗಿದ ಮೇಲೆ ಗುಮಾಸ್ತ ಒಬ್ಬೊಬ್ಬ ರೈತಂದೂ ಪಟ್ಟಿ ಬರೀತಾನೆ, ಹೆಸರು, ಊರು, ಚೀಲ ಎಷ್ಟು, ತೂಕ, ದರ, ಹಮಾಲಿ, ಮುಂಚೆ ತಗೊಂಡ ಮುಂಗಡ ಕಳೆದು ಕೈಗೆಷ್ಟು ಅಂತ. ರಾತ್ರಿ ಹತ್ತಾದ್ರೂ ಮುಗಿಯಲ್ಲ, ಊರಿಗೆ ಹೋಗೋ ಕೊನೇ ಬಸ್ಸು ತಪ್ಪತ್ತೆ ಅಂತ ರೈತ ಗಲ್ಲಾ ಮುಂದೆ ನಿಂತಿರ್ತಾನೆ, ಸಾಹುಕಾರ್ರು ಗುಮಾಸ್ತನ ಮೇಲೆ ರೇಗ್ತಿರ್ತಾರೆ, ರೇಗಿದಷ್ಟೂ ಅವ್ನ ಲೆಕ್ಕ ತಪ್ಪತ್ತೆ. ಅವ್ರು ನಂಗೆ ಹೇಳಿದ್ದು ಇಷ್ಟೇ, "ತಮ್ಮಾ, ದರ ಗಿರ ನಮಗೆಲ್ಲ ಗೊತ್ತೈತಿ, ಪಟ್ಟಿ ಎಂಟು ಗಂಟೆ ಒಳಗೆ ಹರಿದು ಕೊಡೋ ಹಂಗೆ ಮಾಡು, ಕೇಳಿದಷ್ಟು ಕೊಡ್ತೀನಿ."

ಇಂಥ ಮಾತು ಕಿವಿಗೆ ಬೀಳೋವರೆಗೆ ಕೂತ್ಕೋಬೇಕು. ಒಳ್ಳೆ ಸಮಸ್ಯೆಗೆ ನಾನು ನೋಡೋ ಗುರುತು ಇವು: ದಿನಾ ಅಥವಾ ವಾರಕ್ಕೊಮ್ಮೆ ಆದ್ರೂ ಬರ್ಬೇಕು, ತಪ್ಪಾದ್ರೆ ದುಡ್ಡು ಕಳ್ಕೋಬೇಕು, ಈಗಾಗ್ಲೇ ಅದಕ್ಕೆ ಯಾರಿಗೋ ಸಂಬಳ ಕೊಡ್ತಿರ್ಬೇಕು, ಮತ್ತೆ ಅಂಥ ಅಂಗಡಿಗಳು ಅಕ್ಕಪಕ್ಕದಲ್ಲೇ ಇದ್ದು ಒಬ್ರಿಗೊಬ್ರು ಮಾತಾಡ್ತಿರ್ಬೇಕು. ಈ ಕೊನೇದನ್ನ ಬಹಳ ಜನ ಬಿಟ್ಟುಬಿಡ್ತಾರೆ. ಜಾಹೀರಾತಿಗೆ ಕಾಸಿಲ್ಲದೋರಿಗೆ ಗಿರಾಕಿಗಳು ಒಂದೇ ಸಾಲಲ್ಲಿ ಅಂಗಡಿ ಇಟ್ಕೊಂಡಿರೋದು ಎಷ್ಟು ದೊಡ್ಡ ವರ ಅನ್ನೋದು ಮಾರೋಕೆ ಹೋದಾಗ್ಲೇ ಗೊತ್ತಾಗೋದು.

ಇನ್ನೊಂದು ಮಾತು. ಕೆಲವು ಐಡಿಯಾಗಳು ಸ್ವಂತ ದುಡ್ಡಿಗೆ ಆಗಿ ಬರಲ್ಲ. ಕೊಳ್ಳೋರು ಮಾರೋರು ಇಬ್ರನ್ನೂ ಒಟ್ಟಿಗೆ ಸೇರಿಸ್ಬೇಕಾದ ಮಾರ್ಕೆಟ್‌ಪ್ಲೇಸ್, ಸಾಲ ಕೊಡೋದು, ಸ್ಟಾಕ್ ಇಡೋದು, ಹಾರ್ಡ್‌ವೇರ್, ಇವಕ್ಕೆಲ್ಲ ಮೊದಲೇ ಸುರಿಯೋಕೆ ದುಡ್ಡು ಬೇಕು. ಅಂಥದ್ದೇ ಮಾಡೋ ಆಸೆ ಇದ್ರೆ ಹೂಡಿಕೆ ಹುಡುಕೋದೇ ಸರಿ.

ಹಂತ 3: ಕೋಡ್‌ಗೆ ಮುಂಚೆ ಮಾರಿ

ಚೆನ್ನಾಗಿದೆ ಅನ್ನೋ ಮಾತಿಗೆ ಬೆಲೆ ಇಲ್ಲ, ನಮ್ಮ ಕಡೆ ಜನ ಮುಖ ಮುರಿಯೋ ಹಾಗೆ ಬೇಡ ಅನ್ನಲ್ಲ, ಮಾಡು ಮಾಡು ಒಳ್ಳೇದಾಗ್ಲಿ ಅಂತಾರೆ. ಹಾಗಾಗಿ ದುಡ್ಡು ಕೇಳ್ಬೇಕು. ನಾನು ಒಂದು ಎಕ್ಸೆಲ್ ಶೀಟಲ್ಲಿ ಪಟ್ಟಿ ನಮೂನೆ ಮಾಡಿ, ಪ್ರಿಂಟ್ ತೆಗೆದು, ಹನ್ನೊಂದು ಅಂಗಡಿಗೆ ಹೋಗಿ ತೋರ್ಸಿದೆ, ಎರಡು ತಿಂಗಳಲ್ಲಿ ಇದು ಕಂಪ್ಯೂಟ್ರಲ್ಲಿ ತಾನೇ ಬರತ್ತೆ, ಈಗ ಸಾವಿರ ರೂಪಾಯಿ ಕೊಡಿ, ಆಗ್ಲಿಲ್ಲ ಅಂದ್ರೆ ವಾಪಸ್ ಕೊಡ್ತೀನಿ ಅಂದೆ. ನಾಲ್ಕು ಜನ ಕೊಟ್ರು. ಸಾವಿರ ದೊಡ್ಡ ದುಡ್ಡಲ್ಲ, ಆದ್ರೆ ಜೇಬಿಂದ ತೆಗೆದು ಕೊಟ್ಟ ಮೇಲೆ ಅವ್ರು ಆಡೋ ಮಾತೇ ಬೇರೆ ಆಯ್ತು, ತಮ್ಮಾ ಇಲ್ಲಿ ಹಮಾಲಿ ಚೀಲದ ಲೆಕ್ಕದಲ್ಲಿ ಬರ್ಬೇಕು ತೂಕದ ಲೆಕ್ಕದಲ್ಲಲ್ಲ, ಮುಂಗಡಕ್ಕೆ ಹಳೇ ಚೀಟಿ ನಂಬರ್ ಹಾಕು ಅಂತ ಒಂದೊಂದೇ ಹೇಳೋಕೆ ಶುರು ಮಾಡಿದ್ರು. ಕೊಡದೇ ಇದ್ದ ಏಳು ಜನ ಯಾಕೆ ಕೊಡ್ಲಿಲ್ಲ ಅನ್ನೋದನ್ನೂ ಬರೆದಿಟ್ಕೊಂಡೆ, ಅದ್ರಲ್ಲಿ ಇಬ್ರಿಗೆ ಕಂಪ್ಯೂಟ್ರಲ್ಲಿ ಲೆಕ್ಕ ಇಡೋದೇ ಇಷ್ಟ ಇರ್ಲಿಲ್ಲ, ಅವ್ರ ಹಿಂದೆ ಬೀಳೋದು ಬಿಟ್ಟೆ.

ಹಂತ 4: ಮೊದಲ ವರ್ಷನ್ ಚಿಕ್ಕದಿರ್ಲಿ, ಆದ್ರೆ ಒಂದು ಕೆಲಸ ಪೂರ್ತಿ ಮಾಡ್ಲಿ

ನನ್ನ ಮೊದಲ ವರ್ಷನ್‌ನಲ್ಲಿ ಪಟ್ಟಿ ಪ್ರಿಂಟ್ ಬಿಟ್ಟು ಬೇರೇನೂ ಇರ್ಲಿಲ್ಲ. ಡ್ಯಾಶ್‌ಬೋರ್ಡ್ ಇಲ್ಲ, ಗ್ರಾಫ್ ಇಲ್ಲ, ಪಾಸ್‌ವರ್ಡ್ ಬದಲಾಯಿಸೋ ಪರದೆ ಕೂಡ ಇಲ್ಲ, ನಾನೇ ಬದಲಾಯಿಸಿ ಕೊಡ್ತಿದ್ದೆ. ಆದ್ರೆ ಪಟ್ಟಿ ಮಾತ್ರ ಸರಿಯಾಗಿ ಬರ್ಬೇಕಿತ್ತು, ಮತ್ತೆ ಕಷ್ಟ ಇದ್ದಿದ್ದೂ ಅಲ್ಲೇ. ಅಂಗಡಿಗಳಲ್ಲಿ ಇರೋದು ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್, ಯಾಕಂದ್ರೆ ಒಂದೇ ಹೊಡೆತಕ್ಕೆ ಕಾರ್ಬನ್ ಕಾಪಿ ಬರ್ಬೇಕು. ಇಂಗ್ಲಿಷ್ ಅಕ್ಷರ ಅದ್ರಲ್ಲಿ ಸರಸರ ಹೊಡೀತದೆ, ಕನ್ನಡ ಯೂನಿಕೋಡ್ ಕಳ್ಸಿದ್ರೆ ಚಿತ್ರದ ಥರ ಸಾಲು ಸಾಲಾಗಿ ನಿಧಾನಕ್ಕೆ ಹೊಡೀತದೆ. ಮೊದಲ ದಿನ ಪಟ್ಟಿ ಬರೋದು ಕೈಯಲ್ಲಿ ಬರೆಯೋದಕ್ಕಿಂತ ತಡ ಆಯ್ತು. ಕೊನೆಗೆ ಶೀರ್ಷಿಕೆಗಳನ್ನೆಲ್ಲ ಮೊದಲೇ ಅಚ್ಚು ಹಾಕಿಸಿದ ಕಾಗದ ಮಾಡ್ಸಿ, ರೈತನ ಹೆಸರು ಊರು ಮಾತ್ರ ಕನ್ನಡದಲ್ಲಿ, ಅಂಕಿ ಎಲ್ಲಾ ಪ್ರಿಂಟರ್‌ನ ಸ್ವಂತ ಅಕ್ಷರದಲ್ಲಿ ಕಳ್ಸೋ ಹಾಗೆ ಮಾಡಿದ್ಮೇಲೆ ಕೆಲಸ ಆಯ್ತು. ಆಮೇಲೆ ಹಳೇ ಕಂಪ್ಯೂಟರ್‌ಗಳಲ್ಲಿ ಕೂತಿದ್ದ ರೈತರ ಹೆಸರಿನ ಪಟ್ಟಿ ನುಡಿ ಅನ್ನೋ ಕನ್ನಡ ಟೈಪಿಂಗ್ ಸಾಫ್ಟ್‌ವೇರ್‌ನ ಹಳೇ ಫಾಂಟಲ್ಲಿ ಇತ್ತು, ಅದನ್ನ ಯೂನಿಕೋಡ್‌ಗೆ ಬದಲಾಯಿಸೋ ಒಂದು ಪುಟ್ಟ ಪ್ರೋಗ್ರಾಮ್ ಬರೆದೆ. ಹೊರಗಿನಿಂದ ನೋಡೋರಿಗೆ ಇದೆಲ್ಲ ಸಣ್ಣ ವಿಷಯ, ಆದ್ರೆ ದೊಡ್ಡ ಕಂಪನಿ ಯಾವುದೂ ದಾವಣಗೆರೆ ಯಾರ್ಡ್‌ನ ಪ್ರಿಂಟರ್ ಮುಂದೆ ಒಂದು ವಾರ ಕೂರಲ್ಲ. ನಮ್ಮಂಥೋರ ಸಾಫ್ಟ್‌ವೇರ್ ಉಳಿಯೋದೇ ಇಂಥ ಜಾಗದಲ್ಲಿ.

ಟೆಕ್ನಾಲಜಿ ಬಗ್ಗೆ ಜಾಸ್ತಿ ಹೇಳೋದಿಲ್ಲ. ನಿಮಗೆ ನಿದ್ದೆಗಣ್ಣಲ್ಲೂ ಸರಿ ಮಾಡೋಕೆ ಬರೋ ಭಾಷೆ, ಒಂದು ಪೋಸ್ಟ್‌ಗ್ರೆಸ್ ಅಥವಾ ಅಂಥದ್ದೇ ಡೇಟಾಬೇಸ್, ಒಂದು ಸರ್ವರ್, ಸಾಕು. ನೆಟ್ ಹೋದ್ರೂ ಕರೆಂಟ್ ಹೋದ್ರೂ ಕೆಲಸ ನಿಲ್ಲಬಾರದು ಅನ್ನೋದು ನಿಮ್ಮ ಗಿರಾಕಿಗೆ ಮುಖ್ಯ ಆದ್ರೆ ಅದನ್ನ ಮೊದಲ ದಿನದಿಂದಲೇ ಲೆಕ್ಕಕ್ಕೆ ತಗೊಳ್ಳಿ, ಆಮೇಲೆ ಸೇರಿಸೋದು ಮನೆ ಕಟ್ಟಿದ ಮೇಲೆ ಪಾಯ ತೋಡಿದ ಹಾಗೆ. ಬ್ಯಾಕಪ್ ದಿನಾ ಆಗ್ಬೇಕು, ಬೇರೆ ಜಾಗದಲ್ಲಿ ಇರ್ಬೇಕು, ಮತ್ತೆ ತಿಂಗಳಿಗೊಮ್ಮೆ ಅದನ್ನ ವಾಪಸ್ ಹಾಕಿ ತೆರೆಯತ್ತಾ ಅಂತ ನೋಡ್ಬೇಕು. ನನ್ನ ಬ್ಯಾಕಪ್ ಹನ್ನೆರಡು ದಿನದಿಂದ ಖಾಲಿ ಫೈಲ್ ಆಗಿ ಬರ್ತಿದ್ದಿದ್ದು ಗೊತ್ತಾಗಿದ್ದು ಇಂಥ ಒಂದು ಪರೀಕ್ಷೇಲೇ, ಡೇಟಾ ಹೋಗಿರ್ಲಿಲ್ಲ, ಆದ್ರೆ ಆ ರಾತ್ರಿ ನಿದ್ದೆ ಬರ್ಲಿಲ್ಲ. ಈಗ ಎಐ ಟೂಲ್‌ಗಳಿಂದ ಕೋಡ್ ಬೇಗ ಆಗತ್ತೆ, ಉಳಿದ ಟೈಮನ್ನ ಅಂಗಡೀಲಿ ಕೂರೋಕೆ ಬಳಸಿ.

ಹಂತ 5: ಬೆಲೆ, ನಿಧಾನಕ್ಕೆ ಓದಿ

ನನ್ನ ಅತಿ ದೊಡ್ಡ ತಪ್ಪು ಇಲ್ಲೇ ಆಗಿದ್ದು. ಮೊದಲ 30 ಅಂಗಡಿಗೆ ಒಂದೇ ಸಲ 5,000 ತಗೊಂಡು ಕೊಟ್ಟುಬಿಟ್ಟೆ. 1,50,000 ಬಂತು, ಮನೇಲಿ ಎಲ್ರಿಗೂ ಖುಷಿ. ಮುಂದಿನ ವರ್ಷ ಆ 30 ಅಂಗಡಿಯಿಂದ ಫೋನ್ ಬರ್ತಾನೇ ಇತ್ತು, ದುಡ್ಡು ಮಾತ್ರ ಬರ್ತಿರ್ಲಿಲ್ಲ, ಹೊಸ ಅಂಗಡಿ ಹುಡುಕಿದ್ರಷ್ಟೇ ಊಟ ಅನ್ನೋ ಹಾಗಾಯ್ತು. ಸಾಫ್ಟ್‌ವೇರ್‌ನ ಖರ್ಚು ಪ್ರತಿ ತಿಂಗಳು ಇರತ್ತೆ, ಸರ್ವರ್, ಫೋನು, ನಿಯಮ ಬದಲಾದಾಗ ತಿದ್ದೋದು. ಹಾಗಾಗಿ ಆದಾಯನೂ ಮರುಕಳಿಸೋ ಥರ ಇರ್ಲೇಬೇಕು.

ವರ್ಷಕ್ಕೆ 12,000 ಅಂತ ಮಾಡಿದೆ. ಎಷ್ಟು ಇಡ್ಬೇಕು ಅನ್ನೋದನ್ನ ನನ್ನ ಖರ್ಚಿನಿಂದ ಲೆಕ್ಕ ಹಾಕ್ಲಿಲ್ಲ, ಅವ್ರ ನಷ್ಟದಿಂದ ಹಾಕಿದೆ. ಮೆಕ್ಕೆಜೋಳ ಕ್ವಿಂಟಲ್‌ಗೆ 2,000 ಇದ್ದಾಗ ವರ್ಷದಲ್ಲಿ ಒಟ್ಟು 6 ಕ್ವಿಂಟಲ್ ತೂಕ ತಪ್ಪು ಬರೆದ್ರೂ 12,000 ಹೋಯ್ತು. ಇದನ್ನ ಸಾಹುಕಾರ್ರ ಎದುರು ಅವ್ರದ್ದೇ ಹಳೇ ಪಟ್ಟಿ ಇಟ್ಕೊಂಡು ಹೇಳ್ಬೇಕು, ಆಗ ಚೌಕಾಸಿ ಬೇಗ ಮುಗಿಯತ್ತೆ. ನಿಮ್ಮ ಕ್ಷೇತ್ರದಲ್ಲಿ ಆ 6 ಕ್ವಿಂಟಲ್ ಯಾವುದು ಅಂತ ಹುಡುಕಿ, ಡೆಂಟಿಸ್ಟ್‌ಗೆ ಬಾರದೇ ಹೋದ ಪೇಷಂಟ್ ಇರಬಹುದು, ಗಿರಣಿಗೆ ವಸೂಲಾಗದ ಉದ್ರಿ ಇರಬಹುದು.

ಜಿಎಸ್‌ಟಿ ವಿಷಯದಲ್ಲಿ ಒಂದು ಸೂಕ್ಷ್ಮ ಇದೆ. ನಿಮ್ಮ 12,000ದ ಮೇಲೆ 18% ಅಂದ್ರೆ 2,160 ಸೇರಿ 14,160 ಆಗತ್ತೆ. ಗಿರಾಕಿ ಮಾಮೂಲಿ ಜಿಎಸ್‌ಟಿ ಕಟ್ಟೋ ವ್ಯಾಪಾರಿ ಆದ್ರೆ ಆ 2,160 ಇನ್‌ಪುಟ್ ಕ್ರೆಡಿಟ್ ಆಗಿ, ಅಂದ್ರೆ ಅವ್ರು ಕಟ್ಬೇಕಾದ ಜಿಎಸ್‌ಟೀಲಿ ಕಳೆದು, ವಾಪಸ್ ಬರತ್ತೆ, ತಲೆ ಕೆಡಿಸ್ಕೊಳ್ಳಲ್ಲ. ಕೃಷಿ ಉತ್ಪನ್ನದ ಕಮಿಷನ್ ಏಜೆಂಟ್ ಸೇವೆಗೆ ಜಿಎಸ್‌ಟಿ ವಿನಾಯ್ತಿ ಇದೆ, ಹಾಗಾಗಿ ಅಂಥ ಅಂಗಡಿಯವ್ರಿಗೆ ಆ ಕ್ರೆಡಿಟ್ ಸಿಗಲ್ಲ, ಅವ್ರಿಗೆ ನಿಮ್ಮ ಬೆಲೆ 14,160ನೇ. ನೀವು ರಿಜಿಸ್ಟರ್ ಆದ ದಿನ ಏಕಾಏಕಿ 18% ಜಾಸ್ತಿ ಆಯ್ತು ಅಂತ ಅವ್ರಿಗೆ ಅನ್ಸತ್ತೆ, ಅದಕ್ಕೆ ಮೊದಲೇ ಲೆಕ್ಕ ಹಾಕಿ ಬೆಲೆ ಇಡಿ. ಶಾಲೆ, ಆಸ್ಪತ್ರೆಗಳಿಗೆ ಮಾರೋರಿಗೂ ಇದೇ ಕಥೆ.

ದುಡ್ಡು ಯಾವಾಗ ಕೇಳ್ಬೇಕು ಅನ್ನೋದೂ ಬೆಲೆಯಷ್ಟೇ ಮುಖ್ಯ. ಜೂನ್‌ನಲ್ಲಿ ಬಿತ್ತನೆ ಟೈಮಲ್ಲಿ ಮಂಡಿಯವ್ರ ದುಡ್ಡೆಲ್ಲ ರೈತರ ಹತ್ರ ಮುಂಗಡವಾಗಿ ಹೋಗಿರತ್ತೆ, ಆಗ ಹೋಗಿ ರಿನೀವಲ್ ಕೇಳಿದ್ರೆ ನೋಡೋಣ ತಮ್ಮಾ ಅಂತಾರೆ. ಸೀಸನ್ ಮುಗಿದು ಕೈಯಲ್ಲಿ ಕಾಸು ಆಡ್ತಿರೋ ಜನವರಿ, ಫೆಬ್ರವರೀಲಿ ಅದೇ ಮನುಷ್ಯ ಚಹಾ ಕುಡಿಸಿ ಕೊಡ್ತಾರೆ. ನಾನು ಎಲ್ಲಾ ಅಂಗಡಿಗಳ ರಿನೀವಲ್ ದಿನಾಂಕ ಜನವರಿ 15ಕ್ಕೆ ತಂದೆ, ನಡುವೆ ಸೇರೋರಿಗೆ ಅಲ್ಲೀವರೆಗಿನ ತಿಂಗಳಿಗೆ ಮಾತ್ರ ದುಡ್ಡು.

ಇಲ್ಲಿ ಒಂದು ಅಪಾಯ ಇದೆ. ಜನವರೀಲಿ ಒಟ್ಟಿಗೆ ಬಂದ ದುಡ್ಡು ನಿಮ್ಮದಾಗಿರಲ್ಲ, ಮುಂದಿನ ಹನ್ನೆರಡು ತಿಂಗಳು ಸೇವೆ ಕೊಡ್ತೀನಿ ಅಂತ ಹೊತ್ಕೊಂಡ ಋಣ ಅದು. ಎರಡು ಬ್ಯಾಂಕ್ ಅಕೌಂಟ್ ಇಡಿ, ಬಂದಿದ್ದೆಲ್ಲ ಒಂದಕ್ಕೆ ಹೋಗ್ಲಿ, ಅದ್ರಿಂದ ಪ್ರತಿ ತಿಂಗಳು ಹನ್ನೆರಡನೇ ಒಂದು ಭಾಗ ಮಾತ್ರ ಖರ್ಚಿನ ಅಕೌಂಟ್‌ಗೆ ತಗೊಳ್ಳಿ. ಜಿಎಸ್‌ಟಿ ದುಡ್ಡು ಮೂರನೇ ಅಕೌಂಟ್‌ಗೆ, ಅದನ್ನ ಮುಟ್ಟಲೇಬಾರದು. ಇದೊಂದು ಅಭ್ಯಾಸ ನನ್ನ ಎರಡು ಕೆಟ್ಟ ವರ್ಷ ದಾಟ್ಸಿದೆ.

ಬೆಲೆ ಏರ್ಸೋವಾಗ ಹೊಸಬರಿಗೆ ಮೊದಲು, ಹಳಬರಿಗೆ ಒಂದು ವರ್ಷ ಬಿಟ್ಟು, ಮೂರು ತಿಂಗಳು ಮುಂಚೆ ಬಾಯಿಬಿಟ್ಟು ಹೇಳಿ. ಆ ಮೊದಲ 30 ಅಂಗಡಿಯವ್ರಿಗೆ ನಾನು ಮಾತಿಗೆ ತಪ್ಪಲಿಲ್ಲ, ಅವ್ರು ಕೊಂಡ ವರ್ಷನ್ ಹಾಗೇ ನಡೀತು, ಹೊಸ ಸೌಲಭ್ಯ ಬೇಕು ಅಂದೋರು ವಾರ್ಷಿಕಕ್ಕೆ ಬಂದ್ರು. ಹೆಚ್ಚಿನವ್ರು ಬಂದ್ರು.

ಹಂತ 6: ಕಾಗದ ಪತ್ರ

ಮೊದಲ ದಿನವೇ ಪ್ರೈವೇಟ್ ಲಿಮಿಟೆಡ್ ಬೇಕಾಗಿಲ್ಲ. ಒಬ್ರೇ ಇದ್ರೆ ಪ್ರೊಪ್ರೈಟರ್ ಆಗಿ ಶುರು ಮಾಡಿ, ಸಾಲ ಅಥವಾ ಕೇಸಿನ ಭಯ ಇರೋ ಕೆಲಸ ಆದ್ರೆ, ಇಬ್ರು ಪಾರ್ಟ್ನರ್ ಇದ್ರೆ, ಎಲ್‌ಎಲ್‌ಪಿ (ಪಾರ್ಟ್ನರ್‌ಗಳ ಹೊಣೆಗೆ ಮಿತಿ ಇರೋ ಪಾಲುದಾರಿಕೆ) ನೋಡಿ. ಪ್ರೈವೇಟ್ ಲಿಮಿಟೆಡ್‌ಗೆ ವ್ಯಾಪಾರ ಸೊನ್ನೆ ಇದ್ರೂ ಪ್ರತಿ ವರ್ಷ ಆಡಿಟ್ ಆಗ್ಬೇಕು, ಎಲ್‌ಎಲ್‌ಪಿಗೆ ಟರ್ನೋವರ್ 40 ಲಕ್ಷ ಅಥವಾ ಬಂಡವಾಳ 25 ಲಕ್ಷ ದಾಟಿದ್ರೆ ಮಾತ್ರ ಆ ಕಾನೂನಿನ ಆಡಿಟ್. ಪಾರ್ಟ್ನರ್ ಇದ್ರೆ ಷೇರು ಒಂದೇ ಸಲ ಹಂಚ್ಕೋಬೇಡಿ, ನಾಲ್ಕು ವರ್ಷ ಕೆಲಸ ಮಾಡಿದಷ್ಟು ಮಾಡಿದಷ್ಟೇ ಸೇರೋ ಹಾಗೆ, ಮೊದಲ ವರ್ಷದೊಳಗೆ ಬಿಟ್ಟು ಹೋದ್ರೆ ಏನೂ ಇಲ್ಲ ಅನ್ನೋ ಹಾಗೆ ಬರೆಸಿ. ಗೆಳೆತನ ಉಳಿಯೋದೂ ಇದ್ರಿಂದಲೇ.

ಸೇವೆ ಮಾರೋರಿಗೆ ಕರ್ನಾಟಕದಲ್ಲಿ ವರ್ಷಕ್ಕೆ 20 ಲಕ್ಷ ದಾಟಿದ್ರೆ ಜಿಎಸ್‌ಟಿ ರಿಜಿಸ್ಟ್ರೇಷನ್ ಕಡ್ಡಾಯ. 12,000ದ ಲೆಕ್ಕದಲ್ಲಿ 167ನೇ ಗಿರಾಕಿ ಬಂದಾಗ ದಾಟ್ತೀರಿ. ಹೊರದೇಶಕ್ಕೆ ಮಾರಿ ರಿಜಿಸ್ಟರ್ ಆಗಿದ್ರೆ ಪ್ರತಿ ಹಣಕಾಸು ವರ್ಷ ಎಲ್‌ಯುಟಿ (ಜಿಎಸ್‌ಟಿ ಇಲಾಖೆಗೆ ಕೊಡೋ ಮುಚ್ಚಳಿಕೆ ಪತ್ರ) ಹಾಕಿ, ತೆರಿಗೆ ಕಟ್ಟದೆ ಬಿಲ್ ಮಾಡಬಹುದು.

ಉದ್ಯಮ್ ರಿಜಿಸ್ಟ್ರೇಷನ್ (ಸಣ್ಣ ಉದ್ಯಮ ಅಂತ ಸರ್ಕಾರದಲ್ಲಿ ನೋಂದಾಯಿಸೋದು) ಮಾತ್ರ ಬೇಗ ಮಾಡ್ಕೊಳ್ಳಿ, ಸರ್ಕಾರದ ಪೋರ್ಟಲ್‌ನಲ್ಲಿ ಪೂರ್ತಿ ಉಚಿತ, ಯಾರಾದ್ರೂ ಫೀಸು ಕೇಳಿದ್ರೆ ಅದು ಏಜೆಂಟ್ ಜೇಬಿಗೆ. ಅದ್ರಿಂದ ಏನು ಅಂದ್ರೆ, 2006ರ ಎಂಎಸ್‌ಎಂಇ ಕಾಯ್ದೆ ಪ್ರಕಾರ ಸೂಕ್ಷ್ಮ, ಸಣ್ಣ ಉದ್ಯಮಕ್ಕೆ ಕೊಡ್ಬೇಕಾದ ಬಾಕಿ ಕರಾರು ಇದ್ರೂ 45 ದಿನದ ಮೇಲೆ ಎಳೆಯೋ ಹಾಗಿಲ್ಲ, ಎಳೆದ್ರೆ ಆರ್‌ಬಿಐ ಹೇಳೋ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಒಂದು ದೊಡ್ಡ ಗಿರಾಕಿ ನನ್ನ ಬಿಲ್ ಏಳು ತಿಂಗಳು ಇಟ್ಕೊಂಡಿತ್ತು, ಉದ್ಯಮ್ ನಂಬರ್ ಹಾಕಿ ಈ ನಿಯಮ ತೋರಿಸಿ ಮರ್ಯಾದೆಯಿಂದ ಒಂದು ಪತ್ರ ಬರೆದ ಮೇಲೆ ಬಂತು. ಆ ಏಳು ತಿಂಗಳಲ್ಲಿ ಚಿನ್ನ ಅಡ ಇಟ್ಟಿದ್ದೆ, ಅದಾದ ಮೇಲೆ ಯಾವ ಒಬ್ಬ ಗಿರಾಕಿಯೂ ನನ್ನ ಆದಾಯದ ಹತ್ತನೇ ಒಂದು ಭಾಗ ದಾಟದ ಹಾಗೆ ನೋಡ್ಕೊಂಡೆ. ದೊಡ್ಡ ಕಂಪನಿಗಳು ಬಿಲ್‌ನಿಂದ ಟಿಡಿಎಸ್, ಅಂದ್ರೆ ಮೊದಲೇ ಕಳೆಯೋ ಆದಾಯ ತೆರಿಗೆ, ಹಿಡೀತವೆ, 10% ವರೆಗೂ ಹೋಗಬಹುದು, ರಿಟರ್ನ್ ಹಾಕಿದ ಮೇಲೆ ಸಿಗತ್ತೆ, ಆದ್ರೆ ಆ ತಿಂಗಳ ಸಂಬಳಕ್ಕೆ ಸಿಗಲ್ಲ.

ಕಾರ್ಡ್‌ನಿಂದ ತಾನೇ ಕಟ್ ಆಗೋ ಪೇಮೆಂಟ್‌ಗೆ ಆರ್‌ಬಿಐ ನಿಯಮ ಇದೆ, 15,000ದ ವರೆಗೆ ಪ್ರತಿ ಸಲ ಒಟಿಪಿ ಬೇಕಿಲ್ಲ, ಅದರ ಮೇಲೆ ಬೇಕು. ನಿಮ್ಮ ಬೆಲೆ ಜಿಎಸ್‌ಟಿ ಸೇರಿ ಅದ್ರೊಳಗೆ ಬಂದ್ರೆ ಒಳ್ಳೇದು. ನಮ್ಮ ಮಂಡಿಯವ್ರು ಇದೆಲ್ಲ ಬಳಸಲ್ಲ, ಯುಪಿಐ ಅಥವಾ ಚೆಕ್ಕು.

ಹಂತ 7: ಗಿರಾಕಿ ಹುಡುಕೋದು

ಒಂದು ಯಾರ್ಡ್ ತುಂಬೋವರೆಗೆ ಇನ್ನೊಂದಕ್ಕೆ ಹೋಗ್ಬೇಡಿ. ನಾನು ದಾವಣಗೆರೆ ಅರ್ಧದಲ್ಲಿ ಬಿಟ್ಟು ರಾಣೇಬೆನ್ನೂರು, ಹಾವೇರಿ ಅಂತ ಓಡಾಡಿ ಮೂರು ಕಡೆ ಎರಡೆರಡು ಅಂಗಡಿ ಮಾಡ್ಕೊಂಡೆ, ಎಲ್ಲೂ ಯಾರೂ ನನ್ನ ಹೆಸರು ಮಾತಾಡ್ಲಿಲ್ಲ, ಬಸ್ ಚಾರ್ಜು ಮಾತ್ರ ಆಯ್ತು. ಒಂದೇ ಸಾಲಲ್ಲಿ ಎಂಟು ಅಂಗಡಿ ಆದ್ಮೇಲೆ ಒಂಬತ್ತನೇಯವ್ರು ತಾವೇ ಕರೀತಾರೆ, ಯಾಕಂದ್ರೆ ಪಕ್ಕದ ಅಂಗಡಿ ಪಟ್ಟಿ ಎಂಟಕ್ಕೆ ಮುಗಿದು ರೈತ್ರೆಲ್ಲ ಊರು ಸೇರಿರ್ತಾರೆ, ಅವ್ರ ಅಂಗಡೀಲಿ ಇನ್ನೂ ಜನ ನಿಂತಿರ್ತಾರೆ. ಊರಿನ ಟ್ಯಾಕ್ಸ್ ಪ್ರಾಕ್ಟೀಷನರ್‌ಗಳು, ಅಂಗಡಿಗೆ ಕಂಪ್ಯೂಟರ್ ರಿಪೇರಿ ಮಾಡೋರು, ಇವ್ರಿಬ್ರೂ ನಿಮ್ಮ ಪರವಾಗಿ ಹೇಳೋ ಒಂದು ಮಾತು ಎಷ್ಟೋ ಜಾಹೀರಾತಿಗೆ ಸಮ. ರಿಪೇರಿ ಹುಡುಗ್ರಿಗೆ ಮೊದಲ ವರ್ಷದ ದುಡ್ಡಲ್ಲಿ 20% ಕೊಡ್ತೀನಿ, ಪ್ರಾಕ್ಟೀಷನರ್‌ಗಳು ದುಡ್ಡು ಬೇಡ ಅಂತಾರೆ, ಅವ್ರಿಗೆ ಬೇಕಿರೋ ರೂಪದಲ್ಲಿ ರಿಪೋರ್ಟ್ ತೆಗೆದುಕೊಟ್ರೆ ಸಾಕು.

ಪಕ್ಕದ ಮಾರ್ಕೆಟ್ ಒಂದೇ ಥರ ಕಾಣತ್ತೆ ಅಂತ ನುಗ್ಗಬೇಡಿ. ಬ್ಯಾಡಗಿ ಮೆಣಸಿನಕಾಯಿ ಮಾರ್ಕೆಟ್‌ಗೆ ಹೋಗೋಕೆ ನಂಗೆ ಬಹಳ ಆಸೆ ಇತ್ತು, ಅಲ್ಲಿ ಪ್ರತಿ ಲಾಟ್‌ಗೂ ಬೇರೆ ಟೆಂಡರ್, ಬೇರೆ ದರ, ಒಬ್ಬನೇ ರೈತನ ಚೀಲಗಳಿಗೆ ಹತ್ತು ಖರೀದಿದಾರ್ರು ಇರಬಹುದು. ನನ್ನ ಸಾಫ್ಟ್‌ವೇರ್‌ನ ಬುಡನೇ ಒಬ್ಬ ರೈತ ಒಂದು ದರ ಅಂತ ಇತ್ತು. ಅದನ್ನ ಹೊಸದಾಗಿ ಬರೆಯೋಕೆ ಒಂದು ವರ್ಷ ಬೇಕಾಯ್ತು.

ದೂರದ ಗಿರಾಕಿಗೆ ಮಾರೋರಿಗೆ ಯಾರ್ಡ್ ಇರಲ್ಲ, ಅವ್ರು ಬರೆಯೋದ್ರಿಂದ ಹುಡುಕ್ಬೇಕು: ಗಿರಾಕಿ ಗೂಗಲ್‌ನಲ್ಲಿ ಏನಂತ ಹುಡುಕ್ತಾನೋ ಆ ಪ್ರಶ್ನೆಗೆ ಅವ್ನ ಭಾಷೇಲಿ ಪೂರ್ತಿ ಉತ್ತರ. ಷೇರು ಬ್ರೋಕರ್ ಕಂಪನಿ ಝೆರೋಧಾ 2010ರಲ್ಲಿ ಬೆಂಗಳೂರಲ್ಲಿ ಹೊರಗಿನ ಹೂಡಿಕೆ ಇಲ್ದೆ ಶುರುವಾದಾಗ ಟ್ರೇಡ್‌ಗೆ 20 ರೂಪಾಯಿ ಅನ್ನೋ ಒಂದು ಮಾತನ್ನ ಜನ ತಾವೇ ಒಬ್ರಿಗೊಬ್ರು ಹೇಳ್ಕೊಂಡು ಹೋದ್ರು, ಜೊತೆಗೆ ಷೇರು ಮಾರುಕಟ್ಟೆ ಪಾಠಗಳನ್ನ ಅವ್ರು ಉಚಿತವಾಗಿ ಬರೆದಿಟ್ರು.

ಹಂತ 8: ಬಿಟ್ಟು ಹೋಗೋರನ್ನ ಎಣಿಸಿ

ವರ್ಷಕ್ಕೆ 40 ಹೊಸ ಗಿರಾಕಿ ತರೋ ಶಕ್ತಿ ನಿಮಗಿದೆ ಅಂದ್ಕೊಳ್ಳಿ. ನೂರಕ್ಕೆ 20 ಜನ ಪ್ರತಿ ವರ್ಷ ಬಿಡ್ತಿದ್ರೆ 200 ಮುಟ್ಟೋ ಹೊತ್ತಿಗೆ 40 ಬರ್ತಾರೆ 40 ಹೋಗ್ತಾರೆ, ಎಷ್ಟು ಒದ್ದಾಡಿದ್ರೂ ಅಲ್ಲೇ ನಿಲ್ತೀರಿ. ಬಿಡೋರು 10 ಜನ ಆದ್ರೆ ಅದೇ ಶ್ರಮಕ್ಕೆ 400 ವರೆಗೆ ಹೋಗತ್ತೆ. ತಿಂಗಳ ಲೆಕ್ಕದಲ್ಲಿ ಮಾರೋರಿಗೆ ಇನ್ನೂ ಕಷ್ಟ, ತಿಂಗಳಿಗೆ 5% ಅಂದ್ರೆ ಕಮ್ಮಿ ಅನ್ಸತ್ತೆ, ವರ್ಷ ಕಳೆಯೋ ಹೊತ್ತಿಗೆ 100ರಲ್ಲಿ 54 ಉಳೀತಾರೆ.

ನಮ್ಮಲ್ಲಿ ಎರಡನೇ ವರ್ಷ ಬಿಟ್ಟು ಹೋದ ಪ್ರತಿ ಅಂಗಡಿಗೂ ನಾನೇ ಹೋಗಿ ಕೂತು ಕೇಳಿದೆ. ಬೆಲೆ ಜಾಸ್ತಿ ಅಂತಾರೆ ಅಂದ್ಕೊಂಡು ಹೋಗಿದ್ದೆ, ಒಬ್ರೂ ಹಾಗನ್ನಲಿಲ್ಲ. ಹೆಚ್ಚಿನ ಕಡೆ ಗುಮಾಸ್ತ ಕೆಲಸ ಬಿಟ್ಟಿದ್ದ, ಹೊಸಬನಿಗೆ ನಮ್ಮ ಸಾಫ್ಟ್‌ವೇರ್ ಬರ್ತಿರ್ಲಿಲ್ಲ, ಅವ್ನು ಪುಸ್ತಕಕ್ಕೆ ವಾಪಸ್ ಹೋಗಿದ್ದ. ನಾನು ಮಾರಿದ್ದು ಸಾಹುಕಾರ್ರಿಗೆ, ಬಳಸ್ತಿದ್ದಿದ್ದು ಗುಮಾಸ್ತ. ಅವತ್ತಿಂದ ಎರಡು ಕೆಲಸ ಶುರು ಮಾಡಿದ್ವಿ. ಹೊಸ ಗುಮಾಸ್ತ ಬಂದ್ರೆ ಒಂದು ವಾರ ನಮ್ಮೋರು ಹೋಗಿ ಪಕ್ಕದಲ್ಲಿ ಕೂತು ಕಲಿಸ್ತಾರೆ, ದುಡ್ಡಿಲ್ಲ. ಮತ್ತೆ ಸೀಸನ್‌ನಲ್ಲಿ ಯಾವ ಅಂಗಡಿಯಿಂದ ಮೂರು ದಿನ ಪಟ್ಟಿ ಪ್ರಿಂಟ್ ಆಗಿಲ್ಲವೋ ಆ ಹೆಸರು ಬೆಳಿಗ್ಗೆ ನಮ್ಮ ಪರದೆ ಮೇಲೆ ಬರತ್ತೆ, ಫೋನ್ ಮಾಡ್ತೀವಿ. ಈ ಎರಡರಿಂದ ಉಳಿದ ದುಡ್ಡು ನಾನು ಸೇರಿಸಿದ ಯಾವ ಹೊಸ ಸೌಲಭ್ಯದಿಂದಲೂ ಬಂದಿಲ್ಲ.

ಬಂದ ಪ್ರತಿ ಫೋನ್ ಬರೆದಿಡಿ, ಯಾರು, ಏನು, ಎಷ್ಟು ಹೊತ್ತು. ತಿಂಗಳ ಕೊನೇಲಿ ಅತಿ ಹೆಚ್ಚು ಬಂದ ಒಂದು ಪ್ರಶ್ನೆಯನ್ನ ಬುಡಸಮೇತ ತೆಗೀರಿ, ಮುಂದಿನ ತಿಂಗಳು ಇನ್ನೊಂದು. ಸೀಸನ್ ನಡುವೆ ಹೊಸ ವರ್ಷನ್ ಬಿಡ್ಬೇಡಿ, ನಾವು ಅಕ್ಟೋಬರ್‌ನಿಂದ ಸಂಕ್ರಾಂತಿವರೆಗೆ ತಪ್ಪು ತಿದ್ದೋದು ಬಿಟ್ಟು ಒಂದಕ್ಷರ ಬದಲಾಯಿಸಲ್ಲ.

ಹಂತ 9: ನಮಗೊಂದು ಮಾಡಿಕೊಡಿ ಅಂದಾಗ

ದೊಡ್ಡ ಗಿರಾಕಿ ಬಂದು ಲಕ್ಷಾಂತರ ತೋರ್ಸಿ ನಮಗೆ ಬೇರೆ ಥರ ಮಾಡಿಕೊಡಿ ಅಂತಾರೆ. ದುಡ್ಡಿಲ್ಲದ ಕಾಲದಲ್ಲಿ ಬೇಡ ಅನ್ನೋದು ಸುಲಭ ಅಲ್ಲ, ಮತ್ತೆ ಯಾವಾಗ್ಲೂ ಬೇಡ ಅನ್ಬೇಕು ಅಂತಲೂ ಇಲ್ಲ. ಬಿಸಿನೆಸ್‌ಗಳು ಗಿರಾಕಿಗಳಿಗೆ ಇಮೇಲ್ ಕಳ್ಸೋಕೆ ಬಳಸೋ ಮೇಲ್‌ಚಿಂಪ್ ಅಮೆರಿಕದ ಅಟ್ಲಾಂಟಾದಲ್ಲಿ 2001ರಲ್ಲಿ ಒಂದು ವೆಬ್ ಡಿಸೈನ್ ಏಜೆನ್ಸಿಯ ಪಕ್ಕದ ಕೆಲಸವಾಗಿ ಶುರುವಾಗಿದ್ದು, ವರ್ಷಗಟ್ಟಲೆ ಏಜೆನ್ಸಿ ದುಡ್ಡೇ ಪ್ರಾಡಕ್ಟ್ ಸಾಕಿತು, ಹೂಡಿಕೆ ತಗೊಳ್ದೇನೇ ಬೆಳೆದು 2021ರಲ್ಲಿ ಇಂಟ್ಯೂಟ್ ಅನ್ನೋ ದೊಡ್ಡ ಸಾಫ್ಟ್‌ವೇರ್ ಕಂಪನಿಗೆ ಸುಮಾರು 12 ಬಿಲಿಯನ್ ಡಾಲರ್‌ಗೆ ಮಾರಾಟ ಆಯ್ತು. ನಾನು ಇಟ್ಕೊಂಡಿರೋ ನಿಯಮ ಏನಂದ್ರೆ, ಕೇಳಿದ್ದು ಇನ್ನೂ ಹತ್ತು ಅಂಗಡಿಗೆ ಬೇಕಾಗೋದಾದ್ರೆ ಮಾಡ್ತೀನಿ, ಅರ್ಧ ದುಡ್ಡು ಮೊದಲೇ ತಗೊಂಡು, ಮತ್ತೆ ಕೋಡ್ ನನ್ನದೇ, ಎಲ್ರಿಗೂ ಕೊಡ್ತೀನಿ ಅಂತ ಬರೆಸಿ. ಅವ್ರೊಬ್ರಿಗೇ ಬೇಕಾಗೋದಾದ್ರೆ ಎಷ್ಟು ಕೊಟ್ರೂ ಇಲ್ಲ, ಯಾಕಂದ್ರೆ ಆ ಕೋಡನ್ನ ಐದು ವರ್ಷ ನಾನೇ ಸಾಕ್ಬೇಕು.

ಹಂತ 10: ಮೊದಲ ಸಂಬಳ

ಮೊದಲು ಸೇರಿಸ್ಕೋಬೇಕಾದ್ದು ಇನ್ನೊಬ್ಬ ಪ್ರೋಗ್ರಾಮರ್ ಅಲ್ಲ, ಫೋನ್ ಎತ್ತೋ ಮನುಷ್ಯ. ನಾನು ಸೇರಿಸ್ಕೊಂಡಿದ್ದು ಬಿ.ಕಾಂ. ಮಾಡಿ ಮಂಡೀಲೇ ಲೆಕ್ಕ ಬರೀತಿದ್ದ ಒಬ್ಬ ಹೆಣ್ಣುಮಗಳನ್ನ, ಗುಮಾಸ್ತರು ಏನು ಹೇಳ್ತಿದ್ದಾರೆ ಅಂತ ಅರ್ಧ ಮಾತಲ್ಲೇ ಅವ್ರಿಗೆ ತಿಳೀತಿತ್ತು, ನಂಗೆ ಐದು ವರ್ಷದಲ್ಲಿ ಬರದೇ ಇದ್ದಿದ್ದು. ಅವ್ರು ಬಂದ್ಮೇಲೆ ನಂಗೆ ದಿನಕ್ಕೆ ನಾಲ್ಕು ಗಂಟೆ ವಾಪಸ್ ಸಿಕ್ತು. ಆರು ತಿಂಗಳ ಸಂಬಳ ಬ್ಯಾಂಕಲ್ಲಿ ಇಲ್ದೆ ಯಾರನ್ನೂ ಕರೀಬೇಡಿ, ಇನ್ನೊಬ್ಬರ ಮನೆ ಒಲೆ ನಿಮ್ಮ ಮೇಲೆ ನಿಂತಿರತ್ತೆ. ನಿಮ್ಮ ಸಂಬಳನೂ ಬರೆದಿಡಿ, ಚಿಕ್ಕದಾದ್ರೂ ಸರಿ ಪ್ರತಿ ತಿಂಗಳು ತಗೊಳ್ಳಿ. ತಗೊಳ್ಳದೇ ಇದ್ರೆ ಲಾಭ ಬರ್ತಿದೆ ಅನ್ನೋ ಭ್ರಮೆ ಬರತ್ತೆ.

ಊರಲ್ಲೇ ಮಾಡಬಹುದಾ ಅಂತ ಕೇಳೋರಿಗೆ, ರೊಬೊಸಾಫ್ಟ್ 1996ರಲ್ಲಿ ಶುರುವಾಗಿದ್ದು ಉಡುಪೀಲಿ, ಅಲ್ಲಿಂದಲೇ ಹೊರದೇಶದ ಕಂಪನಿಗಳಿಗೆ ಸಾಫ್ಟ್‌ವೇರ್ ಮಾಡಿಕೊಟ್ರು. ಬಾಡಿಗೆ, ಸಂಬಳ ಕಮ್ಮಿ ಇರೋದು 18 ತಿಂಗಳನ್ನ 24 ಮಾಡತ್ತೆ. ಪಳಗಿದ ಪ್ರೋಗ್ರಾಮರ್ ಸಿಗೋದು ಕಷ್ಟ, ನಾವು ಲೋಕಲ್ ಕಾಲೇಜಿನ ಮಕ್ಕಳನ್ನ ತಗೊಂಡು ಒಂದು ವರ್ಷ ಕಲಿಸ್ತೀವಿ, ಅರ್ಧ ಜನ ಬೆಂಗಳೂರಿಗೆ ಹೋಗ್ತಾರೆ, ಅದನ್ನೂ ಲೆಕ್ಕದಲ್ಲಿ ಇಟ್ಕೊಂಡಿದೀನಿ.

ಹಂತ 11: ನೀವಿಲ್ಲದೆ ನಡೆಯತ್ತಾ ಅಂತ ನೋಡಿ

150 ಗಿರಾಕಿ ದಾಟಿದ ಮೇಲೆ ಇದನ್ನ ಮಾಡ್ಲೇಬೇಕು. ಸೀಸನ್ ಇಲ್ಲದಾಗ ಹತ್ತು ದಿನ ಫೋನ್ ಇನ್ನೊಬ್ರ ಕೈಗೆ ಕೊಟ್ಟು ಹೋಗಿ. ಹೋಗೋಕೆ ಮುಂಚೆ ಸರ್ವರ್ ಬಿದ್ರೆ ಏನು, ಪ್ರಿಂಟರ್ ನಿಂತ್ರೆ ಏನು, ದುಡ್ಡು ವಾಪಸ್ ಕೇಳಿದ್ರೆ ಎಷ್ಟರವರೆಗೆ ಕೇಳದೇ ಕೊಡಬಹುದು, ಪಾಸ್‌ವರ್ಡ್ ಎಲ್ಲಿದೆ, ಒಂದು ಪುಸ್ತಕದಲ್ಲಿ ಕನ್ನಡದಲ್ಲಿ ಬರೆದಿಡಿ. ನಾನು ಮೊದಲ ಸಲ ಹೆಂಡತಿ ತವರಿಗೆ, ಶಿರಸಿ ಕಡೆ ಹೋದಾಗ ಹತ್ತು ದಿನದಲ್ಲಿ ಆಫೀಸಿಂದ ಎರಡೇ ಫೋನ್ ಬಂತು. ಒಂದು, ಸರ್ವರ್ ಬಿಲ್ ನನ್ನ ಸ್ವಂತ ಕಾರ್ಡ್ ಮೇಲೆ ಇತ್ತು, ಆ ಕಾರ್ಡ್ ಅವಧಿ ಮುಗಿದಿತ್ತು. ಇನ್ನೊಂದು, ಒಬ್ಬ ಸಾಹುಕಾರ್ರು ತೀರಿಕೊಂಡಿದ್ರು, ಅವ್ರ ಮಗಳು ಅಂಗಡಿ ಲೆಕ್ಕ ತನ್ನ ಹೆಸರಿಗೆ ಕೇಳಿದ್ರು, ಅಣ್ಣನೂ ಕೇಳಿದ್ದ, ಯಾರಿಗೆ ಕೊಡ್ಬೇಕು ಅಂತ ನಮ್ಮ ಪುಸ್ತಕದಲ್ಲಿ ಇರ್ಲಿಲ್ಲ. ವಾಪಸ್ ಬಂದ ದಿನ ಕಂಪನಿ ಕಾರ್ಡ್ ಮಾಡ್ಸಿದೆ, ವಕೀಲ್ರ ಹತ್ರ ಕೂತು ಎರಡನೇದಕ್ಕೆ ಒಂದು ಪುಟ ಬರೆಸಿ ಪುಸ್ತಕಕ್ಕೆ ಸೇರಿಸ್ದೆ.